ಸಬ್‌ಅವಾರ್ಡ್ ಕಾಗದಪತ್ರ: ಕೊನೆ ವಾರಕ್ಕೆ ಬಿಡಬೇಡಿ

ಸಂಶೋಧನಾ ಅನುದಾನ ಪಡೆದ ಸಂಸ್ಥೆ ಕೆಲಸದ ಒಂದು ಭಾಗವನ್ನು ಹಣದ ಸಮೇತ ಇನ್ನೊಂದು ಸಂಸ್ಥೆಗೆ ವಹಿಸುವುದೇ ಸಬ್‌ಅವಾರ್ಡ್. ಮೊದಲು ಇದು ನಿಜವಾಗಲೂ ಸಬ್‌ಅವಾರ್ಡಾ ಅಂತ ನೋಡಿ. ಮೂಡಿಗೆರೆ ತೋಟದ ಮಣ್ಣನ್ನು ಲ್ಯಾಬ್‌ಗೆ ಕೊಟ್ಟು, ರಿಪೋರ್ಟ್ ಪಡೆದು ಬಿಲ್ ಕಟ್ಟಿದರೆ ಅದು ಬರೀ ಸೇವೆ ಖರೀದಿ. ಅದೇ ಲ್ಯಾಬ್‌ನವರು ಎಲ್ಲಿ ಮಣ್ಣು ತೆಗೆಯಬೇಕು ಅಂತ ತೀರ್ಮಾನಿಸಿ, ಫಲಿತಾಂಶ ವಿಶ್ಲೇಷಿಸಿ, ಪ್ರಬಂಧದಲ್ಲೂ ಹೆಸರು ಹಾಕಿಕೊಳ್ಳುವವರಾದರೆ ಸಬ್‌ಅವಾರ್ಡ್. ಇಲ್ಲಿ ತಪ್ಪಿದರೆ ಇಡೀ ಬಜೆಟ್ ತಲೆಕೆಳಗಾಗುತ್ತದೆ.

ಪಾಲುದಾರರಿಂದ ಕೆಲಸದ ವಿವರ, ಬಜೆಟ್, ಅದಕ್ಕೆ ಸಮರ್ಥನೆ, ಒಪ್ಪಿಗೆ ಪತ್ರ ತರಿಸಿಕೊಳ್ಳಿ. ಪತ್ರಕ್ಕೆ ಪ್ರೊಫೆಸರ್ ಸಹಿ ಸಾಲದು, ಸಂಸ್ಥೆಯ ಪರವಾಗಿ ಸಹಿ ಹಾಕುವ ಅಧಿಕಾರ ಇರುವವರದ್ದೇ ಬೇಕು. ನಾವೊಮ್ಮೆ ಹಾಸನಾಂಬೆ ದರ್ಶನದ ವಾರದಲ್ಲಿ ಸಹಿಗೆ ಹೋಗಿ, ಸಾಹೇಬ್ರು ರಜೆ ಅಂತ ಕೇಳಿ, ಬಾಗಿಲಲ್ಲೇ ಫೈಲ್ ಹಿಡಿದು ನಿಂತಿದ್ದೆವು. ಅವತ್ತಿಂದ ಗಡುವಿಗೆ ಎರಡು ವಾರ ಮೊದಲೇ ಕೇಳುತ್ತೇನೆ.

ಓವರ್‌ಹೆಡ್, ಅಂದರೆ ಕಟ್ಟಡ, ಕರೆಂಟು, ಆಡಳಿತದಂಥ ಪರೋಕ್ಷ ಖರ್ಚಿನ ಲೆಕ್ಕದಲ್ಲೇ ಜಾಸ್ತಿ ಎಡವಟ್ಟು ಆಗುವುದು. ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ಅನುದಾನದಲ್ಲಿ, ಅದನ್ನು ನೇರವಾಗಿ ಪಡೆಯುವ ಮುಖ್ಯ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಪ್ರತಿ ಸಬ್‌ಅವಾರ್ಡ್‌ನ ಮೊದಲ 50,000 ಡಾಲರ್ ಮೇಲೆ ಮಾತ್ರ ಓವರ್‌ಹೆಡ್ ಹಾಕಬಹುದು. 2024ರ ಅಕ್ಟೋಬರ್‌ಗೆ ಮೊದಲು ಈ ಮಿತಿ 25,000 ಇತ್ತು, ಹಳೇ ಎಕ್ಸೆಲ್ ಶೀಟ್‌ಗಳಲ್ಲಿ ಈಗಲೂ ಅದೇ ಕೂತಿರುತ್ತದೆ! ನೀವೇ ಅವರಿಂದ ಸಬ್‌ಅವಾರ್ಡ್ ಪಡೆಯುವವರಾಗಿ, ನಿಮ್ಮ ಪಾಲು 80,000 ಆದರೆ ಉಳಿದ 30,000ಕ್ಕೆ ಅವರು ಓವರ್‌ಹೆಡ್ ಹಾಕುವ ಹಾಗಿಲ್ಲ. ನಿಮ್ಮ ಓವರ್‌ಹೆಡ್ ಬೇರೆ, ಅದು ಆ 80,000ದ ಒಳಗೇ ಬರುತ್ತದೆ.

ಹಾಗೆ ಬರುವ ಹಣ ವಿದೇಶದ್ದಲ್ವಾ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಿಸುವ ನಮ್ಮ ದೇಶದ ಕಾಯ್ದೆ) ನಿಮಗೆ ಅನ್ವಯಿಸುತ್ತಾ ಅಂತ ಅಕೌಂಟ್ಸ್‌ನವರನ್ನು ಈಗಲೇ ಕೇಳಿ. ಅನ್ವಯಿಸಿದರೆ, 2020ರ ತಿದ್ದುಪಡಿ ಪ್ರಕಾರ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಾಗಾಗಿ ಪಕ್ಕದ ಊರಿನ ಕಾಲೇಜಿಗೂ ಪಾಲಿದ್ದರೆ, ಅದನ್ನು ಪ್ರಪೋಸಲ್‌ನಲ್ಲೇ ಆ ಕಾಲೇಜಿಗೆ ನೇರ ಸಬ್‌ಅವಾರ್ಡ್ ಆಗಿ ತೋರಿಸಲು ಮುಖ್ಯ ವಿಶ್ವವಿದ್ಯಾಲಯವನ್ನು ಕೇಳಿಕೊಳ್ಳಿ.