ಮಸಿಯಿಲ್ಲ, ಹಿಟ್ಟಿಲ್ಲ: ಶ್ರೀರಂಗಪಟ್ಟಣದ ಗೋರಿಗಳನ್ನು ಕನ್ನಡಿಯ ಬೆಳಕಿನಲ್ಲಿ ಓದಿದ ಅನುಭವ

ಶಾಸನ ಓದುವ ನಮ್ಮ ಬಳಗದಲ್ಲಿ ನನಗೆ ‘ಗೋರಿಗೆ ಕನ್ನಡಿ ಹಿಡಿಯುವವರು’ ಎಂಬ ಅಡ್ಡಹೆಸರು ಬಿದ್ದು ಕೆಲವು ವರ್ಷಗಳಾದವು. ಬ್ರಿಟಿಷ್ ಸೇನೆಯ ಯುರೋಪಿಯನ್ನರನ್ನೂ ಅವರ ಮನೆಯವರನ್ನೂ ಹೂಳಿದ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ‘ಇದು ಓದಲಾಗದ್ದು’ ಎಂದು ಎಲ್ಲರೂ ಕೈಬಿಟ್ಟಿದ್ದ ಫಲಕಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಅದೇ ಕನ್ನಡಿಯಿಂದ ಓದಿದ ಮೇಲೆ, ಆ ಹೆಸರಿಟ್ಟವರೇ ಈಗ ಕನ್ನಡಿಯ ಅಳತೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕಾವೇರಿಯ ದಡದ ಈ ಸ್ಮಶಾನದಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಹಳೆಯ ಗೋರಿಗಳ ಗಾರೆಗೆ ಈಗ ಇನ್ನೂರು ವರ್ಷ ಮೀರಿದ ವಯಸ್ಸು. ಎಷ್ಟೋ ಕಡೆ ಬೆರಳು ತಾಗಿದರೂ ಹುಡಿ ಉದುರುತ್ತದೆ. ಕರಿಕಲ್ಲಿನ ಶಾಸನಕ್ಕೆ ನಾವೆಲ್ಲ ಒದ್ದೆ ಕಾಗದ ತಟ್ಟಿ ಮಸಿ ಹಚ್ಚಿ ತೆಗೆಯುವ ಪಡಿಯಚ್ಚು ಇಲ್ಲಿ ನಡೆಯುವುದಿಲ್ಲ ಎಂದು ನಾನು ಮೊದಲಿನಿಂದಲೂ ವಾದಿಸಿದ್ದೆ. ನಂಬದ ಗೆಳೆಯರೊಬ್ಬರು ಬೇರೆಡೆ ಬಿದ್ದಿದ್ದ ಅನಾಥ ಗಾರೆಯ ತುಂಡೊಂದರ ಮೇಲೆ ಒದ್ದೆ ಕಾಗದ ಹಾಕಿ ಬ್ರಷ್ಷಿನಿಂದ ತಟ್ಟಿ ತೋರಿಸಲು ಹೋದಾಗ, ಕಾಗದದ ಜೊತೆಗೆ ಮೇಲ್ಪದರವೂ ಎದ್ದುಬಂತು. ಅಕ್ಷರ ಎದ್ದು ಕಾಣಲೆಂದು ಹಿಟ್ಟು ಸವರುವ ವಿಧಾನವನ್ನು ಇನ್ನೂ ಕೆಲವರು ಹೊಗಳುತ್ತಾರೆ. ಹಿಟ್ಟು ಸಣ್ಣ ರಂಧ್ರಗಳಲ್ಲಿ ಉಳಿದು, ತೇವ ಹಿಡಿದು, ಇರುವೆಗೂ ಬೂಷ್ಟಿಗೂ ಆಹಾರವಾಗುತ್ತದೆ. ಅದನ್ನು ತೆಗೆಯಲು ಮತ್ತೆ ಉಜ್ಜಬೇಕಾಗುತ್ತದೆ.

ದುಡ್ಡು ಹಾಳಾದದ್ದು ಎಲ್‌ಇಡಿ ದೀಪಗಳ ಮೇಲೆ. ಬ್ಯಾಟರಿ ಸೇರಿ ಐದಾರು ಸಾವಿರ ರೂಪಾಯಿ ಸುರಿದರೂ ಹಗಲಿನ ಬಿಸಿಲಿನ ಎದುರು ಅವು ಮಿಣುಕುಹುಳುಗಳಂತೆ ಕಂಡವು. ಕೊನೆಗೆ ಕೆಲಸ ಮಾಡಿದ್ದು ಗಾಜಿನ ಅಂಗಡಿಯಲ್ಲಿ ಮುನ್ನೂರೈವತ್ತು ರೂಪಾಯಿಗೋ ನಾನೂರಕ್ಕೋ ಕತ್ತರಿಸಿಕೊಂಡ, ಒಂದಡಿ ಅಗಲ, ನಾಲ್ಕಡಿ ಎತ್ತರದ ಸಾದಾ ಕನ್ನಡಿ. ಮರದ ನೆರಳಿನಲ್ಲಿರುವ ಫಲಕಕ್ಕೆ ಹತ್ತು ಹನ್ನೆರಡು ಅಡಿ ದೂರದ ಬಿಸಿಲಿನಿಂದ ಬೆಳಕನ್ನು ತಿರುಗಿಸಿ, ಅದು ಕಲ್ಲಿನ ಮೈಯನ್ನು ಸವರಿಕೊಂಡು ಮಾತ್ರ ಹೋಗುವಂತೆ ಓರೆಯಾಗಿ ಹಿಡಿಯಬೇಕು. ಹಿಡಿಯುವವರು ಒಬ್ಬರು, ಫೋಟೊ ತೆಗೆಯುವವರು ಇನ್ನೊಬ್ಬರು ಬೇಕೇ ಬೇಕು. ಗಾಳಿಗೆ ಕನ್ನಡಿ ಅಲುಗದಂತೆ ನಾನು ಮಾಡಿಕೊಂಡಿರುವ ಏರ್ಪಾಡನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಬೆಳಕು ಪಕ್ಕದಿಂದ ಬಂದರೆ ಅಕ್ಷರದ ನಿಂತ ಗೆರೆಗಳು ಏಳುತ್ತವೆ, ಮೇಲಿನಿಂದ ಬಂದರೆ ಮಲಗಿದ ಗೆರೆಗಳು. ಒಂದೇ ಫೋಟೊ ನೋಡಿ ತೀರ್ಮಾನಿಸುವವರು ಎಡವುವುದು ಇಲ್ಲಿಯೇ. ಎಲ್ಲರ ಪಟ್ಟಿಯಲ್ಲಿಯೂ 1801 ಎಂದಿದ್ದ ಒಂದು ಫಲಕಕ್ಕೆ ಮೇಲಿನಿಂದ ಬೆಳಕು ಬಿಟ್ಟಾಗ, ಕೊನೆಯ ಅಂಕಿಯ ತಲೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಅಡ್ಡಗೆರೆ ಕಾಣಿಸಿತು, ಅದು 1807. ಆ ಗೆರೆಯ ಅರ್ಧ ಭಾಗವನ್ನು ಕಲ್ಲುಹೂವು ಮುಚ್ಚಿಕೊಂಡಿತ್ತು, ನಾವು ಅದನ್ನು ಕೆರೆಯಲಿಲ್ಲ.

ಕನ್ನಡಿಯಿಂದ ಮೇಲಿನ ಬೆಳಕು ತರುವುದು ಕಷ್ಟ. ಅದಕ್ಕೆ ನಾನು ಏಪ್ರಿಲ್ 23ರ ಆಸುಪಾಸಿನ ಸೂರ್ಯನನ್ನು ಬಳಸಿಕೊಳ್ಳುತ್ತೇನೆ. ಶ್ರೀರಂಗಪಟ್ಟಣದ ಅಕ್ಷಾಂಶ ಸುಮಾರು 12.4 ಡಿಗ್ರಿಯಾದ್ದರಿಂದ ಆಗ ಸೂರ್ಯ ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನೆತ್ತಿಯ ಮೇಲೆಯೇ ಬರುತ್ತಾನೆ, ನೆಟ್ಟಗೆ ನಿಂತದ್ದಕ್ಕೆ ನೆರಳೇ ಇರುವುದಿಲ್ಲ. ಅದಕ್ಕೆ ಅರ್ಧ ಗಂಟೆ ಮೊದಲು ಪೂರ್ವಕ್ಕೆ ಮುಖ ಮಾಡಿದ ಫಲಕಗಳ ಮೇಲೂ, ಅರ್ಧ ಗಂಟೆಯ ನಂತರ ಪಶ್ಚಿಮದವುಗಳ ಮೇಲೂ ಬಿಸಿಲು ಏಳೆಂಟು ಡಿಗ್ರಿಯ ಓರೆಯಲ್ಲಿ ಜಾರುತ್ತದೆ. ಆಗಸ್ಟ್ 20ರ ಸುಮಾರಿಗೂ ಇದೇ ಯೋಗವಿದೆಯಾದರೂ ಮೋಡವನ್ನು ನಂಬಿಕೊಂಡು ಅಷ್ಟು ದೂರ ಹೋಗಬೇಡಿ. ಮಟಮಟ ಮಧ್ಯಾಹ್ನದಲ್ಲಿ ಶಾಸನ ಓದುವವರುಂಟೇ ಎಂದು ನಕ್ಕವರಿಗೆ ನಾನು ಫೋಟೊ ತೋರಿಸಿದೆ, ವಾದ ಮಾಡಲಿಲ್ಲ.

ಇದರ ನಡುವೆ ಹೊಳೆಯುವ ಕಪ್ಪು ಗೋಲಿಯೊಂದನ್ನು ಫಲಕದ ಪಕ್ಕಕ್ಕೆ ಇಟ್ಟು, ನಾನಾ ದಿಕ್ಕಿನ ಬೆಳಕಿನಲ್ಲಿ ನಲವತ್ತು ಐವತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಹೆಣೆಯುವ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್) ವಿಧಾನವನ್ನೂ ನೋಡಿದೆ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದವರು ಪ್ರಕಟಿಸಿದ ತಂತ್ರದಿಂದ ಬೆಳೆದದ್ದು ಅದು. ಫಲಿತಾಂಶ ಚೆನ್ನಾಗಿದೆ, ಒಂದೇ ಫಲಕಕ್ಕೆ ಅರ್ಧ ದಿನ ಹೋಗುತ್ತದೆ. ತೀರಾ ಹಟಮಾರಿ ಫಲಕಗಳಿಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ.

ಓದಿದ್ದನ್ನು ಚರಿತ್ರೆಯ ಜೊತೆ ತಾಳೆ ನೋಡದೆ ಪಟ್ಟಿಗೆ ಸೇರಿಸಬಾರದು. ಉದಾಹರಣೆಗೆ, ಈ ಸ್ಮಶಾನದಲ್ಲಿ ಗೋರಿಗಳಿರುವ ಡಿ ಮ್ಯೂರನ್ ಪಡೆ 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಸ್ವಿಸ್ ರೆಜಿಮೆಂಟು. 1795ರಲ್ಲಿ ಬ್ರಿಟಿಷರ ಕಡೆಗೆ ಬಂದು, ಟಿಪ್ಪು ಸುಲ್ತಾನನ ವಿರುದ್ಧ ನಡೆದ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿ, 1806ರಲ್ಲಿ ಭಾರತವನ್ನು ಬಿಟ್ಟಿತು. ಆದ್ದರಿಂದ ಆ ಪಡೆಯ ಸೇವೆಯಲ್ಲಿದ್ದವರ ಫಲಕದಲ್ಲಿ 1816 ಎಂದು ಕಂಡರೆ ಇನ್ನೊಮ್ಮೆ ಕನ್ನಡಿ ಹಿಡಿಯುವುದು ಒಳ್ಳೆಯದು. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಆರಂಭವಾಗಿ ಸೈನ್ಯ ಅತ್ತ ಸರಿದದ್ದನ್ನೂ ನೆನಪಿನಲ್ಲಿಡಬೇಕು. ಹೆಸರು ಅರ್ಧ ಸಿಕ್ಕಿದಾಗ ನೆರವಾಗುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಪ್ರೆಸಿಡೆನ್ಸಿಯ ಶವಸಂಸ್ಕಾರದ ದಾಖಲೆಗಳು; ‘ಎನ್/2’ ಸರಣಿಯಲ್ಲಿ ಹುಡುಕಬೇಕು.

ಅಡ್ಡ ಮಲಗಿಸಿದ ಚಪ್ಪಡಿಗಳಿಗೆ ನೆತ್ತಿಯ ಸೂರ್ಯನಿಂದ ಏನೂ ಪ್ರಯೋಜನವಿಲ್ಲ. ಅವುಗಳಿಗೆ ಬೆಳಗ್ಗೆ ಏಳರ ಒಳಗಿನ ಬಿಸಿಲೇ ಬೇಕು, ಬಿಸಿಲು ಏರಿದ ಮೇಲಾದರೆ ಕನ್ನಡಿಯನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿಯಬೇಕು.