ಸಾಂಕ್ರಾಮಿಕದ ನಡುವೆಯೂ ಹಿರಿಯರ ಚಿಕಿತ್ಸೆ ನಿಲ್ಲದಿರಲು ಹೀಗೆ ಮಾಡಿ

2020ರಲ್ಲಿ ಕೋವಿಡ್ ಹರಡಿದಾಗ ಹಲವು ದೇಶಗಳಲ್ಲಿ ಹೃದಯಾಘಾತವಾಗಿ ಆಸ್ಪತ್ರೆಗೆ ಬರುವವರ ಸಂಖ್ಯೆ ಇಳಿಯಿತು. ಸೋಂಕಿಗೆ ಹೆದರಿ, ಎದೆನೋವನ್ನು ಸಹಿಸಿಕೊಂಡು ಮನೆಯಲ್ಲೇ ಉಳಿದವರು ಅನೇಕರು. ಹಿರಿಯರಿರುವ ಮನೆಗಳಲ್ಲಿ ಈ ತಪ್ಪು ಮರುಕಳಿಸಬಾರದು.

ಮೊದಲ ಕೆಲಸ, ಯಾವ ಚಿಕಿತ್ಸೆ ಕಾಯಬಹುದು, ಯಾವುದು ಕಾಯಲಾರದು ಎಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವವರ ರಕ್ತಪರೀಕ್ಷೆ ಇವನ್ನು ನಾವಾಗಿಯೇ ಮುಂದೂಡುವಂತಿಲ್ಲ. ಹತೋಟಿಯಲ್ಲಿರುವ ರಕ್ತದೊತ್ತಡದ ಮಾಮೂಲಿ ತಪಾಸಣೆ ಫೋನಿನಲ್ಲೇ ಮುಗಿಯಬಹುದು.

ಮಾತ್ರೆಗಳು ಮುಗಿಯುವ ಮುನ್ನವೇ ತರಿಸಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ.

ಫೋನ್ ಸಮಾಲೋಚನೆ ಫಲ ಕೊಡುವುದು ಪೂರ್ವಸಿದ್ಧತೆಯಿದ್ದರೆ ಮಾತ್ರ. ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿಟ್ಟುಕೊಳ್ಳಿ. ಹಿರಿಯರನ್ನು ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿಸಿ ಐದು ನಿಮಿಷ ಸುಮ್ಮನೆ ಕೂರಿಸಿ. ತೋಳು ಹೃದಯದ ಮಟ್ಟದಲ್ಲಿರಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ರಕ್ತದೊತ್ತಡ ಅಳೆದು ಗುರುತು ಹಾಕಿಕೊಳ್ಳಿ. ಕಿವಿ ಮಂದವಾದವರಿಗೆ ವಿಡಿಯೊ ಕರೆಯೇ ಮೇಲು, ತುಟಿಯ ಚಲನೆ ಕಾಣುತ್ತದೆ. ಒಂದು ಮಾತು ಒತ್ತಿ ಹೇಳಬೇಕು: ಎಲ್ಲಕ್ಕೂ ಮಕ್ಕಳಾದ ನೀವೇ ಉತ್ತರಿಸಬೇಡಿ. ನೋವು ಯಾರದೋ ಅವರೇ ಹೇಳಲಿ.

ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದೇ ಇರಬಹುದು. ಇದ್ದಕ್ಕಿದ್ದಂತೆ ಗೊಂದಲ, ಬೀಳುವುದು, ಊಟ ಬಿಡುವುದು, ಸದಾ ಮಂಪರು, ಇವನ್ನು 'ವಯಸ್ಸಾಯಿತಲ್ಲ' ಎಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತಿಳಿಸಿ. ರಕ್ತದಲ್ಲಿನ ಆಮ್ಲಜನಕದ ಮಟ್ಟ ತೋರಿಸುವ ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ಹಾಕುವಾಗ ಕೈ ಬೆಚ್ಚಗಿರಲಿ, ಉಗುರಿನ ಬಣ್ಣ ತೆಗೆದಿರಲಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಶ್ವಾಸಕೋಶದ ಹಳೆಯ ಕಾಯಿಲೆ ಇಲ್ಲದವರಲ್ಲಿ ಆಮ್ಲಜನಕದ ಮಟ್ಟ ಶೇಕಡಾ 94ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ಕರೆ ಮಾಡಿ. 90ಕ್ಕಿಂತ ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಅಂಕಿ ಚೆನ್ನಾಗಿದ್ದೂ ಉಸಿರಾಟ ಕಷ್ಟವಾದರೆ ಅಂಕಿಯನ್ನು ನೆಚ್ಚಿ ಕೂರಬೇಡಿ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಲಕ್ಷಣ ಶುರುವಾದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸೋಂಕಿನ ಭಯ ಬದಿಗಿಟ್ಟು ಕೂಡಲೇ ಆಂಬುಲೆನ್ಸ್ ಕರೆಸಿ.

ಒಂದು ಚೀಲ ಸದಾ ಸಿದ್ಧವಿರಲಿ. ಜೊತೆಗಿರುವವರನ್ನು ವಾರ್ಡಿನೊಳಗೆ ಬಿಡದೇ ಇರಬಹುದು. ಔಷಧಗಳ ಪಟ್ಟಿ, ಅಲರ್ಜಿಯ ವಿವರ, ಕನ್ನಡಕ, ಹೆಸರು ಬರೆದ ಡಬ್ಬಿಯಲ್ಲಿ ಶ್ರವಣ ಸಾಧನ, ಅದರ ಬ್ಯಾಟರಿ, ಮೊಬೈಲ್ ಚಾರ್ಜರ್, ಮನೆಯವರ ಫೋನ್ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದ ಕಾಗದ, ಇಷ್ಟನ್ನು ಅದರಲ್ಲಿಡಿ.