ಮನೆಯಲ್ಲೇ ಉಣ್ಣೆಯ ಫೆಲ್ಟ್ ಟೋಪಿ ಮಾಡುವ ಬಗೆ

ಉಣ್ಣೆಯ ಸ್ವೆಟರನ್ನು ತಪ್ಪಿ ಬಿಸಿನೀರಿಗೆ ಹಾಕಿ ತಿಕ್ಕಿದರೆ ಅದು ಕುಗ್ಗಿ, ದಪ್ಪಗಾಗಿ, ಯಾರಿಗೂ ಹಾಕಲಾಗದಂತೆ ಆಗುತ್ತದೆ. ಫೆಲ್ಟ್ ಅಂದರೆ ಅದೇ ಕೆಲಸವನ್ನು ಬೇಕೆಂದು, ಲೆಕ್ಕವಿಟ್ಟು ಮಾಡುವುದು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿವೆ. ಅವೆಲ್ಲ ತುದಿಯ ಕಡೆಗೇ ಮುಖ ಮಾಡಿರುವುದರಿಂದ, ತಿಕ್ಕಿದಾಗ ಎಳೆ ಬುಡದ ದಿಕ್ಕಿಗೆ ಸಲೀಸಾಗಿ ಜಾರುತ್ತದೆ, ಹಿಂದಕ್ಕೆ ಬರುವುದಿಲ್ಲ. ಬಿಸಿನೀರು ಮತ್ತು ಸೋಪಿನಲ್ಲಿ ಎಳೆ ಉಬ್ಬಿ ಮೆತ್ತಗಾಗುತ್ತದೆ, ಕೈಯ ತಿಕ್ಕಾಟಕ್ಕೆ ಸಾವಿರಾರು ಎಳೆಗಳು ಒಂದರೊಳಗೊಂದು ನುಗ್ಗಿ ಜಡೆಗಟ್ಟುತ್ತವೆ. ಒಮ್ಮೆ ಜಡೆಗಟ್ಟಿದ್ದನ್ನು ಮತ್ತೆ ಬಿಡಿಸಲಾಗದು. ಆದ್ದರಿಂದ ಟೋಪಿಯ ಅಳತೆ ಮತ್ತು ಗಟ್ಟಿತನ ಕೊನೆಯಲ್ಲಲ್ಲ, ಒಣ ಉಣ್ಣೆಯನ್ನು ಹಾಸುವಾಗಲೇ ಮುಕ್ಕಾಲು ಪಾಲು ನಿರ್ಧಾರವಾಗಿಬಿಡುತ್ತದೆ.

ಇಲ್ಲಿ ವಿವರಿಸಿರುವುದು 57 ಸೆಂ.ಮೀ. ಸುತ್ತಳತೆಯ ತಲೆಗೆ, 5 ಸೆಂ.ಮೀ. ಅಗಲದ ಇಳಿಜಾರು ಅಂಚಿರುವ, ಗಂಟೆಯಾಕಾರದ ಟೋಪಿ. ಮೊದಲ ಟೋಪಿಗೆ ಇದೇ ಆಕಾರ ಒಳ್ಳೆಯದು. ಅಗಲವಾದ ಚಪ್ಪಟೆ ಅಂಚಿನ ಟೋಪಿಗೆ ಕೈ ಪಳಗಿರಬೇಕು.

ಬೇಕಾಗುವ ಸಾಮಾನು

ಉಣ್ಣೆ 88 ಗ್ರಾಂ, ಮಾದರಿ ತುಂಡಿಗೆ ಇನ್ನೊಂದು 14 ಗ್ರಾಂ, ತೇಪೆಗೆಂದು 5 ಗ್ರಾಂ. 21ರಿಂದ 23 ಮೈಕ್ರಾನ್ ದಪ್ಪದ ಮೆರಿನೊ ಉಣ್ಣೆ ಬೇಗ ಕೂಡಿಕೊಳ್ಳುತ್ತದೆ, ಹಣೆಗೆ ಚುಚ್ಚುವುದೂ ಇಲ್ಲ. ಒರಟು ಉಣ್ಣೆಯಿಂದಲೂ ಟೋಪಿ ಆಗುತ್ತದೆ, ಹೆಚ್ಚು ಗಟ್ಟಿಯೂ ಬರುತ್ತದೆ. ಆದರೆ ಹೊತ್ತು ಹಿಡಿಯುತ್ತದೆ, ತುರಿಕೆ ತಪ್ಪಿಸಲು ಒಳಪಟ್ಟಿ ಬೇಕೇ ಬೇಕು. ಉಣ್ಣೆ ಎರಡು ರೂಪದಲ್ಲಿ ಸಿಗುತ್ತದೆ: ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವ ಉದ್ದನೆಯ ಹುರಿ, ಮತ್ತು ಹಿಂಜಿ ಹಾಳೆಯಂತೆ ಹರಡಿರುವ ಉಣ್ಣೆ. ಹಿಂಜಿದ ಹಾಳೆಯಲ್ಲಿ ಎಳೆಗಳು ಎಲ್ಲ ದಿಕ್ಕಿಗೂ ಇರುವುದರಿಂದ ಕಲಿಯುವವರಿಗೆ ಸುಲಭ. ‘ಸೂಪರ್‌ವಾಶ್’ ಎಂದು ಬರೆದಿರುವುದನ್ನು ಮಾತ್ರ ತರಬೇಡಿ. ಯಂತ್ರದಲ್ಲಿ ಒಗೆದರೂ ಕುಗ್ಗದಿರಲೆಂದು ಅದರ ಹುರುಪೆಗಳನ್ನು ಸವೆಸಿರುತ್ತಾರೆ ಅಥವಾ ಮುಚ್ಚಿರುತ್ತಾರೆ. ದಿನವಿಡೀ ತಿಕ್ಕಿದರೂ ಅದು ಫೆಲ್ಟ್ ಆಗದು.

ಉಳಿದದ್ದು: ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಬಬಲ್ ರ‍್ಯಾಪ್, ನೈಲಾನ್ ಪರದೆಯ ತುಂಡು, ಎರಡು ಟವೆಲ್, ಸುತ್ತಲು ಒಂದು ದುಂಡನೆಯ ಕೋಲು ಅಥವಾ ಪೈಪು, ಮುಚ್ಚಳಕ್ಕೆ ತೂತು ಹಾಕಿದ ಪ್ಲಾಸ್ಟಿಕ್ ಬಾಟಲಿ, ರಬ್ಬರ್ ಗ್ಲೌಸ್, ಎಣ್ಣೆಯಿಂದ ಮಾಡಿದ ಸಾದಾ ಸೋಪು. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ತುರಿದ ಸೋಪು ಹಾಕಿ ಕರಗಿಸಿ. ಬಟ್ಟೆ ಒಗೆಯುವ ಪುಡಿ ಬೇಡ. ಅದು ಕೈಗೂ ಕೆಟ್ಟದ್ದು, ನೊರೆಯೂ ವಿಪರೀತ. ಗಡಸು ನೀರಾದರೆ ಸೋಪು ಒಡೆದು ಬಿಳಿ ಕೆನೆಯಂತೆ ಉಣ್ಣೆಗೆ ಅಂಟುತ್ತದೆ, ಸಾಧ್ಯವಾದರೆ ಮಳೆನೀರು ಬಳಸಿ.

ಮೊದಲು ಮಾದರಿ, ಆಮೇಲೆ ಅಳತೆ

ಈ ಹಂತವನ್ನು ಹಾರಿಸುವವರೇ ಹೆಚ್ಚು. ಟೋಪಿ ಮಗುವಿಗಾಗುವಷ್ಟು ಚಿಕ್ಕದಾಗುವುದೋ, ಕಣ್ಣು ಮುಚ್ಚುವಷ್ಟು ದೊಡ್ಡದಾಗುವುದೋ ಇದರಿಂದಲೇ. 14 ಗ್ರಾಂ ಉಣ್ಣೆಯನ್ನು 20×20 ಸೆಂ.ಮೀ. ಚೌಕದಲ್ಲಿ, ಒಂದರ ಮೇಲೊಂದು ಅಡ್ಡ–ಉದ್ದವಾಗಿ ನಾಲ್ಕು ತೆಳು ಪದರ ಹಾಸಿ. ಮುಂದೆ ಹೇಳುವ ರೀತಿಯಲ್ಲೇ ಪೂರ್ತಿ ಫೆಲ್ಟ್ ಮಾಡಿ ಅಳೆಯಿರಿ. 14 ಸೆಂ.ಮೀ.ಗೆ ಇಳಿದರೆ, 20ನ್ನು 14ರಿಂದ ಭಾಗಿಸಿದಾಗ ಬರುವ 1.43 ನಿಮ್ಮ ಗುಣಕ. ಈ ಸಂಖ್ಯೆ ಉಣ್ಣೆಯ ಜಾತಿ, ಪದರದ ದಪ್ಪ, ನಿಮ್ಮ ಕೈಬಲ ಮೂರನ್ನೂ ಅವಲಂಬಿಸಿರುತ್ತದೆ. ತೆಳ್ಳಗೆ ಹಾಸಿದಷ್ಟೂ ಹೆಚ್ಚು ಕುಗ್ಗುತ್ತದೆ, ಏಕೆಂದರೆ ಎಳೆಗಳಿಗೆ ಓಡಾಡಲು ಜಾಗ ಹೆಚ್ಚು.

ಈಗ ತಲೆಯ ಎರಡು ಅಳತೆ ತೆಗೆದುಕೊಳ್ಳಿ. ಒಂದು, ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಳತೆ. ಇನ್ನೊಂದು, ಒಂದು ಕಿವಿಯ ಮೇಲಿಂದ ನೆತ್ತಿ ದಾಟಿ ಇನ್ನೊಂದು ಕಿವಿಯ ಮೇಲಕ್ಕೆ, ಸುಮಾರು 34 ಸೆಂ.ಮೀ. ಇವುಗಳಿಂದ ನಡುಹಾಳೆಯನ್ನು ಕತ್ತರಿಸಬೇಕು. ಉಣ್ಣೆಯ ಎರಡು ಮಗ್ಗುಲು ಒಂದಕ್ಕೊಂದು ಅಂಟಿಕೊಳ್ಳದಂತೆ ನಡುವೆ ಕೂರುವ ಪ್ಲಾಸ್ಟಿಕ್ ಹಾಳೆಯೇ ಈ ನಡುಹಾಳೆ, ಇದಕ್ಕೆ ದಪ್ಪ ಬಬಲ್ ರ‍್ಯಾಪ್ ಸಾಕು.

ಅಗಲ: 57ರ ಅರ್ಧ 28.5, ಅದನ್ನು 1.43ರಿಂದ ಗುಣಿಸಿದರೆ ಸುಮಾರು 41 ಸೆಂ.ಮೀ. ಎತ್ತರ: 34ರ ಅರ್ಧ 17, ಅಂಚಿನ 5 ಸೇರಿ 22, ಗುಣಿಸಿದರೆ 31.5. ಕೊನೆಗೆ ಕತ್ತರಿಸಿ ಒಪ್ಪ ಮಾಡಲು 3 ಸೆಂ.ಮೀ. ಸೇರಿಸಿ 34.5 ಇಟ್ಟುಕೊಳ್ಳಿ. ಮೇಲ್ಭಾಗ ಗುಮ್ಮಟದಂತೆ ದುಂಡಗಿರಲಿ. ಕೆಳಗಿನ 10 ಸೆಂ.ಮೀ. ಭಾಗ ಮಾತ್ರ ನಿಧಾನವಾಗಿ ಅಗಲವಾಗುತ್ತ ಬುಡದಲ್ಲಿ 52 ಸೆಂ.ಮೀ. ಆಗಲಿ, ಅದೇ ಮುಂದೆ ಅಂಚಾಗುವ ಭಾಗ. ಎಲ್ಲೂ ಚೂಪು ಮೂಲೆ ಬಿಡಬೇಡಿ. ನಡುಹಾಳೆಯ ಚೂಪು ಮೂಲೆ ಟೋಪಿಯಲ್ಲಿ ಕೊಂಬಾಗಿ ಏಳುತ್ತದೆ.

ಉಣ್ಣೆ ಹಾಸುವುದು

ಇಡೀ ಕೆಲಸದ ಜೀವಾಳ ಇದು. ಒಂದು ಗಂಟೆ ಹಿಡಿದರೂ ಅವಸರ ಬೇಡ. 88 ಗ್ರಾಂ ಉಣ್ಣೆಯನ್ನು ತೂಗಿ 11 ಗ್ರಾಂಗಳ ಎಂಟು ಗುಡ್ಡೆ ಮಾಡಿ, ಒಂದು ಮಗ್ಗುಲಿಗೆ ನಾಲ್ಕು ಪದರ. ಕಣ್ಣಂದಾಜು ಇಲ್ಲಿ ಸೋಲುತ್ತದೆ, ಏಕೆಂದರೆ ನಾಲ್ಕು ಗ್ರಾಂ ವ್ಯತ್ಯಾಸ ಒಣ ಉಣ್ಣೆಯಲ್ಲಿ ಕಾಣುವುದೇ ಇಲ್ಲ.

ಹುರಿಯಿಂದ ಎಳೆ ಕೀಳುವಾಗ ಎರಡು ಕೈ ಹತ್ತಿರ ಹಿಡಿದರೆ ಬರುವುದಿಲ್ಲ. ಎಳೆಯ ಉದ್ದಕ್ಕಿಂತ ಹೆಚ್ಚು ಅಂತರ, ಅಂದರೆ ಒಂದು ಗೇಣು ಬಿಟ್ಟು ಹಿಡಿದು, ತುದಿಯನ್ನು ಬೆರಳು ಮತ್ತು ಅಂಗೈ ನಡುವೆ ಒತ್ತಿ ಎಳೆಯಿರಿ. ಬೀಸಣಿಗೆಯಂತೆ ಹರಡಿದ ತೆಳು ಕುಚ್ಚು ಕೈಗೆ ಬರಬೇಕು, ಅದರ ಮೂಲಕ ಕೆಳಗಿನ ಮೇಜು ಕಾಣಬೇಕು. ಹಂಚು ಹೊದಿಸಿದ ಹಾಗೆ, ಒಂದರ ಬುಡವನ್ನು ಇನ್ನೊಂದರ ತುದಿ ಮುಚ್ಚುವಂತೆ ಸಾಲುಸಾಲಾಗಿ ಹಾಸಿ. ಮೊದಲ ಪದರ ಅಡ್ಡ, ಎರಡನೆಯದು ಉದ್ದ. ಎಲ್ಲ ಪದರವೂ ಒಂದೇ ದಿಕ್ಕಾದರೆ ಟೋಪಿ ಒಂದು ಕಡೆಗಷ್ಟೇ ಕುಗ್ಗುತ್ತದೆ, ಎಳೆದರೆ ಸೀಳುತ್ತದೆ.

ಎರಡೂ ಪಕ್ಕ ಮತ್ತು ಗುಮ್ಮಟದ ಸುತ್ತ ಉಣ್ಣೆ ನಡುಹಾಳೆಯಿಂದ 2 ಸೆಂ.ಮೀ. ಆಚೆ ಚಾಚಿರಲಿ. ಬುಡದಲ್ಲಿ ಮಾತ್ರ ಹಾಳೆಯ ಕೊನೆಗೇ ನಿಲ್ಲಿಸಿ, ಅದು ಟೋಪಿಯ ಬಾಯಿ. ಚಾಚಿದ ಭಾಗ ಒಳಭಾಗಕ್ಕಿಂತ ತೆಳ್ಳಗಿರಬೇಕು, ಏಕೆಂದರೆ ಮಡಚಿದಾಗ ಅಲ್ಲಿ ದಪ್ಪ ಇಮ್ಮಡಿಯಾಗುತ್ತದೆ.

ಎರಡು ಪದರ ಹಾಸಿದ ಮೇಲೆ ಪರದೆ ಮುಚ್ಚಿ, 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ ಸೋಪುನೀರನ್ನು ನಡುವಿನಿಂದ ಹೊರಕ್ಕೆ ಚಿಮುಕಿಸಿ, ಅಂಗೈಯಿಂದ ಒತ್ತಿ ಗಾಳಿ ಹೊರಹಾಕಿ. ಉಬ್ಬಿನಿಂತ ಉಣ್ಣೆ ಚಪ್ಪಟೆಯಾಗಿ ಬಣ್ಣ ಕಪ್ಪೇರಿದರೆ ನೀರು ಹಿಡಿದಿದೆ ಎಂದರ್ಥ. ಬಿಳಚಿದ ಕಲೆ ಕಂಡಲ್ಲಿ ಒಳಗಿನ್ನೂ ಒಣಗಿದೆ. ಚಾಚಿದ ತುದಿಗಳನ್ನು ಈಗ ನೆನೆಸಬೇಡಿ. ನಡುಹಾಳೆಯ ಸಮೇತ ಮಗುಚಿ, ಆ ತುದಿಗಳನ್ನು ಬಿಗಿಯಾಗಿ ಮೇಲೆ ಮಡಚಿ, ಸುಕ್ಕಿಲ್ಲದಂತೆ ನೀವಿ. ಅದರ ಮೇಲೆ ಈ ಮಗ್ಗುಲಿನ ಎರಡು ಪದರ. ಮತ್ತೆ ಮಗುಚಿ ಮೊದಲ ಮಗ್ಗುಲಿಗೆ ಇನ್ನೆರಡು, ಕೊನೆಗೆ ಇತ್ತ ಇನ್ನೆರಡು. ನಾಲ್ಕನ್ನೂ ಒಮ್ಮೆಗೇ ಹಾಸಿ ಮಡಚುವುದಕ್ಕಿಂತ ಈ ಸುತ್ತುದಾರಿಯೇ ಮೇಲು: ಮಡಿಕೆಗಳು ಪದರಗಳ ನಡುವೆ ಹಂಚಿಹೋಗಿ ಪಕ್ಕದಲ್ಲಿ ಏಣು ಮೂಡುವುದಿಲ್ಲ.

ತಿಕ್ಕುವುದು, ಸುತ್ತುವುದು

ಪರದೆಯ ಮೇಲೆ ಸೋಪು ಸವರಿದ ಅಂಗೈಯಿಂದ ಮೊದಲ ಹತ್ತು ನಿಮಿಷ ಮಗುವಿನ ಬೆನ್ನು ಸವರುವಷ್ಟೇ ಹಗುರವಾಗಿ ತಿಕ್ಕಿ. ಆರಂಭದಲ್ಲೇ ಬಲ ಹಾಕಿದರೆ ಇನ್ನೂ ಕೂಡದ ಎಳೆಗಳು ಸರಿದು ತೂತು ಬೀಳುತ್ತದೆ. ಐದು ನಿಮಿಷಕ್ಕೊಮ್ಮೆ ಪರದೆ ಎತ್ತಿ ನೋಡಿ, ಇಲ್ಲದಿದ್ದರೆ ಉಣ್ಣೆ ಪರದೆಯ ಕಣ್ಣುಗಳ ಮೂಲಕ ಬೆಳೆದು ಅಂಟಿಕೊಳ್ಳುತ್ತದೆ. ಕೈ ತಡೆಯುತ್ತಿದ್ದರೆ ಸೋಪು ಸಾಲದು. ನೊರೆ ದಪ್ಪಗೆ ನಿಂತಿದ್ದರೆ ಜಾಸ್ತಿಯಾಗಿದೆ, ಟವೆಲಿನಿಂದ ಒತ್ತಿ ತೆಗೆಯಿರಿ, ನೊರೆಯೊಳಗೆ ಎಳೆಗಳು ಒಂದಕ್ಕೊಂದು ತಾಗುವುದೇ ಇಲ್ಲ. ನೀರು ಕೊಳದಂತೆ ನಿಂತಿದ್ದರೂ ಅದೇ ತೊಂದರೆ. ಪಕ್ಕದ ಬದಿಗಳನ್ನು ಹೊರಗಿನಿಂದ ಒಳಕ್ಕೆ ತಿಕ್ಕಿ. ಹೊರಕ್ಕೆ ತಿಕ್ಕಿದರೆ ನಡುಹಾಳೆಯಾಚೆ ಉಣ್ಣೆ ಸಡಿಲವಾಗಿ ತುಟಿಯಂತೆ ಚಾಚಿ ಗಟ್ಟಿಯಾಗಿಬಿಡುತ್ತದೆ.

ಒಂದೊಂದು ಮಗ್ಗುಲಿಗೆ 15–20 ನಿಮಿಷದ ಬಳಿಕ ಚಿವುಟಿ ನೋಡಿ. ಬೆರಳಿಗೆ ಬಿಡಿ ಎಳೆಗಳು ಬಂದರೆ ಇನ್ನೂ ತಿಕ್ಕಬೇಕು. ಚರ್ಮದಂತೆ ಇಡೀ ಪದರವೇ ಎದ್ದರೆ ಸುತ್ತಬಹುದು. ತೆಳುವಾದ ಜಾಗ ಕಂಡರೆ ತೇಪೆ ಹಾಕಲು ಇದೇ ಕೊನೆಯ ಅವಕಾಶ. ಗಟ್ಟಿಯಾದ ಮೇಲೆ ಹೊಸ ಉಣ್ಣೆ ಹಿಡಿಯುವುದಿಲ್ಲ.

ಕೋಲಿಗೆ ಬಬಲ್ ರ‍್ಯಾಪ್ ಸಮೇತ ಟೋಪಿಯನ್ನು ಸುತ್ತಿ, ಹೊರಗೆ ಟವೆಲ್ ಸುತ್ತಿ ಕಟ್ಟಿ. ಲಟ್ಟಣಿಗೆಯಂತೆ 100 ಸಲ ಹೊರಳಿಸಿ. ಬಿಚ್ಚಿ, ಸುಕ್ಕು ಬಿಡಿಸಿ, ಕಾಲು ಸುತ್ತು ತಿರುಗಿಸಿ ಮತ್ತೆ 100. ನಾಲ್ಕೂ ದಿಕ್ಕಾದ ಮೇಲೆ ಮಗುಚಿ ಇನ್ನೊಂದು ಆವರ್ತ. ಯಾವ ದಿಕ್ಕಿಗೆ ಹೊರಳಿಸುತ್ತೇವೋ ಆ ದಿಕ್ಕಿಗೇ ಉಣ್ಣೆ ಕುಗ್ಗುತ್ತದೆ ಎಂಬುದನ್ನು ನೆನಪಿಡಿ, ಮುಂದೆ ಅಳತೆ ತಿದ್ದಲು ಇರುವ ಹಿಡಿತ ಇದೊಂದೇ. ಒಳಗಿನ ನಡುಹಾಳೆ ಜಾಗ ಸಾಲದೆ ಸುರುಟಿಕೊಳ್ಳತೊಡಗಿದರೆ ಅದನ್ನು ಬಾಯಿಯಿಂದ ಎಳೆದು ತೆಗೆಯಿರಿ. ಕೂಡಲೇ ಒಳಗೆ ಕೈ ಹಾಕಿ ಎರಡೂ ಪಕ್ಕದ ಗೆರೆಗಳನ್ನು ಬೆರಳುಗಳ ನಡುವೆ ಸೋಪು ಹಚ್ಚಿ ತಿಕ್ಕಿ. ಈಗ ಹೋಗದ ಏಣು ಆಮೇಲೆ ಎಂದಿಗೂ ಹೋಗದು.

ಕುಗ್ಗಿಸಿ ಗಟ್ಟಿ ಮಾಡುವುದು

ಗ್ಲೌಸ್ ಹಾಕಿಕೊಂಡು ಸುಮಾರು 60 ಡಿಗ್ರಿಯ ನೀರಿನಲ್ಲಿ ಅದ್ದಿ, ಹಿಂಡಿ, ಹಿಟ್ಟು ನಾದಿದಂತೆ ನಾದಿ. ಮೊದಲು ಒಂದಡಿ ಎತ್ತರದಿಂದ ಸಿಂಕಿಗೆ 30–40 ಸಲ ಎತ್ತಿ ಹಾಕಿ, ಆಮೇಲೆ ಜೋರಾಗಿ ಬಡಿಯಿರಿ. ಹತ್ತು ಬಡಿತಕ್ಕೊಮ್ಮೆ ಬಿಡಿಸಿ ಒಳಗೆ ಮುಷ್ಟಿ ಇಟ್ಟು ಆಕಾರ ಸರಿಮಾಡಿ, ಇಲ್ಲವಾದರೆ ಮಡಿಕೆ ಅಲ್ಲೇ ಕೂಡಿಕೊಂಡುಬಿಡುತ್ತದೆ. ಸುತ್ತಳತೆ ಇನ್ನೂ ದೊಡ್ಡದಾಗಿದ್ದರೆ ಟೋಪಿಯ ಅಗಲದ ದಿಕ್ಕಿಗೆ ಸುತ್ತಿ ಹೊರಳಿಸಿ, ಎತ್ತರ ಹೆಚ್ಚಾಗಿದ್ದರೆ ನೆತ್ತಿಯಿಂದ ಬಾಯಿಯ ದಿಕ್ಕಿಗೆ. ಪ್ರತಿಸಲ ಬೇರೆ ಜಾಗದಲ್ಲಿ ಮಡಚಿ. ಅಂಚಿಗೆ ಕಡಿಮೆ ಕೆಲಸ ಕೊಡಿ, ಅದು ನೆತ್ತಿಗಿಂತ ತುಸು ಸಡಿಲವಾಗಿ ಉಳಿದರೇ ಹೊರಕ್ಕೆ ಅರಳುತ್ತದೆ. ಒಳ ಸುತ್ತಳತೆ 58 ಸೆಂ.ಮೀ. ತಲುಪಿ, ಮೇಲ್ಮೈ ಸಣ್ಣ ಸಣ್ಣ ಹರಳು ಹರಳಾಗಿ ಕಂಡು, ಎಳೆದರೆ ಹಿಗ್ಗದಂತಾದಾಗ ನಿಲ್ಲಿಸಿ. ಅಳತೆ ಬಂತೆಂದು ಮೆತ್ತಗಿರುವಾಗಲೇ ನಿಲ್ಲಿಸಿದ ಟೋಪಿ ಕೆಲವೇ ದಿನಗಳಲ್ಲಿ ಜೋಲುತ್ತದೆ, ಮೈತುಂಬ ಜುಂಗು ಏಳುತ್ತದೆ. ಅಂಥ ಸಂದರ್ಭದಲ್ಲಿ ತಪ್ಪು ನಡುಹಾಳೆಯದು, ಮುಂದಿನ ಸಲ ಅದನ್ನು ದೊಡ್ಡದು ಮಾಡಿ.

ಬಿಸಿನೀರು, ಸೋಪು ಬಿಟ್ಟರೆ ಬೇರೆ ರಾಸಾಯನಿಕ ಬೇಡ. ಹಿಂದೆ ಕಾರ್ಖಾನೆಗಳಲ್ಲಿ ಮೊಲ, ಬೀವರ್‌ಗಳ ತುಪ್ಪಳ ಸುಲಭವಾಗಿ ಜಡೆಗಟ್ಟಲೆಂದು ಪಾದರಸದ ನೈಟ್ರೇಟ್ ಹಚ್ಚುತ್ತಿದ್ದರು. ಅದರ ಆವಿಯಿಂದ ಟೋಪಿ ಕೆಲಸಗಾರರ ಕೈಕಾಲು ನಡುಗುವ, ಬುದ್ಧಿ ಕದಡುವ ಕಾಯಿಲೆ ಹರಡಿತ್ತು. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದು 1941ರಲ್ಲಿ. ಕುರಿಯ ಉಣ್ಣೆಗೆ ಇಂಥದ್ದರ ಹಂಗಿಲ್ಲ.

ತಣ್ಣೀರಿನಲ್ಲಿ ನೊರೆ ಹೋಗುವವರೆಗೆ ಜಾಲಾಡಿ. ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿ, ಮತ್ತೊಮ್ಮೆ ಜಾಲಾಡಿ. ಸೋಪಿನ ಕ್ಷಾರ ಉಳಿದರೆ ಉಣ್ಣೆ ದಿನಗಳೆದಂತೆ ಪೆಡಸಾಗುತ್ತದೆ.

ಅಚ್ಚಿಗೆ ಏರಿಸಿ ಒಣಗಿಸುವುದು

ಮರದ ಅಚ್ಚಿಲ್ಲದಿದ್ದರೆ 58 ಸೆಂ.ಮೀ. ಸುತ್ತಳತೆಯ ಬೋಗುಣಿಯನ್ನು ಬೋರಲು ಹಾಕಿ ಪ್ಲಾಸ್ಟಿಕ್ ಹೊದಿಸಿ. ಸುತ್ತಳತೆ ಸಾಲದಿದ್ದರೆ ಟವೆಲ್ ಸುತ್ತಿ ಹೆಚ್ಚಿಸಿ. ಟವೆಲಿನಲ್ಲಿ ಹಿಂಡಿದ ಟೋಪಿಗೆ ಕೆಟಲಿನ ಹಬೆ ಹಿಡಿದು, ಬಿಸಿಯಾಗಿರುವಾಗಲೇ ನೆತ್ತಿಯಿಂದ ಕೆಳಕ್ಕೆ ಅಂಗೈಯಿಂದ ನೀವಿ ಎಳೆಯಿರಿ. ಹಬೆಗೆ ನೇರ ಕೈ ಒಡ್ಡಬೇಡಿ. ಒಂದೆರಡು ಸೆಂ.ಮೀ. ಚಿಕ್ಕದಾದ ಟೋಪಿ ಈ ಹಂತದಲ್ಲಿ ಹಿಗ್ಗಿ ಸರಿಹೋಗುತ್ತದೆ. ಅಂಚು ಆರಂಭವಾಗುವ ಗೆರೆಯಲ್ಲಿ ದಾರ ಬಿಗಿದು ಕಟ್ಟಿ, ಅಂಚಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ. ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಬಿಡಿ. ಪೂರ್ತಿ ಒಣಗುವ ಮುನ್ನ ಅಚ್ಚಿನಿಂದ ತೆಗೆದರೆ ಆಕಾರ ನಿಲ್ಲುವುದಿಲ್ಲ.

ಒಣಗಿದ ಮೇಲೆ ದಾರದ ಗೆರೆಯಿಂದ ಸುತ್ತಲೂ 5 ಸೆಂ.ಮೀ. ಅಳೆದು ಸೀಮೆಸುಣ್ಣದಿಂದ ಗುರುತು ಹಾಕಿ, ಹರಿತವಾದ ಕತ್ತರಿಯಿಂದ ತಡೆಯಿಲ್ಲದೆ ಕತ್ತರಿಸಿ. ಕತ್ತರಿಸಿದ ಕೊನೆ ಚಾಕುವಿನಿಂದ ಕೊಯ್ದಂತೆ ಬೋಳಾಗಿ ಕಾಣುತ್ತದೆ. ಬೆರಳಿಗೆ ಬಿಸಿ ಸೋಪುನೀರು ಹಚ್ಚಿ ಅದನ್ನಷ್ಟೇ ಐದು ನಿಮಿಷ ಹೊಸೆದರೆ ದುಂಡಗಾಗುತ್ತದೆ. ಎದ್ದ ಜುಂಗನ್ನು ಹೊಸ ರೇಜರಿನಿಂದ, ಟೋಪಿ ಬಿಗಿ ಹಿಡಿದು, ಒಂದೇ ದಿಕ್ಕಿಗೆ ಹೆರೆಯಿರಿ. ಅಂಚು ಇನ್ನೂ ಗಟ್ಟಿ ನಿಲ್ಲಬೇಕೆಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ತೆಳು ಅರಗನ್ನು ಒಳಮೈಗೆ ಬ್ರಷ್ಷಿನಿಂದ ಸವರುವುದು ಟೋಪಿ ಕಸುಬಿನ ಹಳೆಯ ಕ್ರಮ. ಬಿಳಿ ಉಣ್ಣೆಗೆ ಹಳದಿ ಛಾಯೆ ಬರುವುದರಿಂದ ಮಾದರಿ ತುಂಡಿನ ಮೇಲೆ ಮೊದಲು ನೋಡಿ. ಚೆನ್ನಾಗಿ ಗಟ್ಟಿಯಾದ ಫೆಲ್ಟಿಗೆ 5 ಸೆಂ.ಮೀ. ಅಂಚಿನಲ್ಲಿ ಇದರ ಅಗತ್ಯ ಬೀಳದು.

ಒಳಪಟ್ಟಿಗೆ 2.5 ಸೆಂ.ಮೀ. ಅಗಲದ, ಅಡ್ಡಗೆರೆಗಳಿರುವ ಹತ್ತಿಯ ರಿಬ್ಬನ್ ತಲೆಯ ಸುತ್ತಳತೆಗಿಂತ 2 ಸೆಂ.ಮೀ. ಹೆಚ್ಚು ಉದ್ದ ಕತ್ತರಿಸಿ, 1 ಸೆಂ.ಮೀ. ಒಳಬಿಟ್ಟು ಬಳೆಯಂತೆ ಹೊಲಿಯಿರಿ. ಸರಿಯಾಗಿ 57 ಸೆಂ.ಮೀ. ಇರುವ ಈ ಬಳೆ, 58ರ ಟೋಪಿಯನ್ನು ತಲೆಗೆ ಹಿಡಿದು ನಿಲ್ಲಿಸುತ್ತದೆ, ಮುಂದೆ ಹಿಗ್ಗದಂತೆಯೂ ಕಾಯುತ್ತದೆ. ಟೋಪಿಯೊಳಗೆ ನಾಲ್ಕು ಕಡೆ ಗುಂಡುಸೂಜಿ ಚುಚ್ಚಿ ಸಮ ಹಂಚಿ, ಕೆಳಗಿನ ಬದಿಯನ್ನು ಮಾತ್ರ ಹೊಲಿಯಿರಿ. ಸೂಜಿ ಫೆಲ್ಟಿನ ಅರ್ಧ ದಪ್ಪಕ್ಕಷ್ಟೇ ಇಳಿದರೆ ಹೊರಗೆ ಹೊಲಿಗೆ ಕಾಣದು. ರಿಬ್ಬನ್ ಕೂಡಿದ ಜಾಗ ಹಿಂದಲೆಗೆ ಬರಲಿ.